ಬಯಲು ಸೋರುವ ಜಾಗ

ಹೆಸರಿಗೆ ಲೋಟಸ್, ತಾವರೆ. ನಡತೆ ನೈದಿಲೆಯದು:
ಹಗಲೆಲ್ಲ ರೆಪ್ಪೆ ಮುಚ್ಚಿ ಬಾನೆಟ್ಟಿನೊಳಗೆ ಮಲಗಿ
ಕತ್ತಲಾದ ಮೇಲೆ ಎರಡೂ ದೀಪ ಎದ್ದು ಬರಬೇಕು.
ಈಗ ಎಡಗಣ್ಣು ಏಳುತ್ತದೆ,
ಬಲಗಣ್ಣು ಅರ್ಧಕ್ಕೇ ಜೋಲುತ್ತದೆ,
ಮದುವೆಮನೆಯ ಮೂಲೆಯಲ್ಲಿ ಕುಡಿದು ಕೂತ ಸೋದರಮಾವನ ಹಾಗೆ.

ನಾರ್ಫೋಕ್, ನವೆಂಬರ್. ಬೀಟ್ ಗೆಡ್ಡೆಯ ಲಾರಿಗಳು
ರಸ್ತೆಗೆಲ್ಲ ಕೆಸರು ಬಳಿದು ಹೋಗುವ ತಿಂಗಳು.
ಆಬ್ರಿ ಲಾರ್ಟರ್, ಎಪ್ಪತ್ತೊಂಬತ್ತು,
ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಮುಳ್ಳು ನೋಡಿದವ,
ಕಾರು ತಂದು ನಿಲ್ಲಿಸಿ ಹೇಳಿದ:
"ರಿಪೇರಿಯಾಗದಿದ್ದರೂ ಸರಿ. ಕಾರಣ ಗೊತ್ತಾಗಲಿ."

ರೊವೀನಾ ಕ್ಯಾಚ್‌ಪೋಲ್ ಮಾತಾಡಲಿಲ್ಲ.
ಮಂಡಿಯ ಕೆಳಗೆ ಹಳೇ ಕಾಲೊರಸು ಹಾಸಿ
ಟಾರ್ಚು ಹಲ್ಲಲ್ಲಿ ಕಚ್ಚಿ ತಲೆ ತೂರಿಸಿದಳು.

ಮೋಟಾರಿಲ್ಲ ಈ ಕಣ್ಣಿಗೆ. ತಂತಿ ಎಳೆಯುವುದಿಲ್ಲ.
ಇಂಜಿನ್ನು ಉಸಿರೆಳೆವಾಗ ಹುಟ್ಟುವ ಒಂದು ಬಯಲು,
ಅದನ್ನೇ ಕೊಳವೆಯಲ್ಲಿ ಕಡ ತಂದು
ಮುಂದಿನ ಅಡ್ಡತೊಲೆಯ ಪೊಳ್ಳಿನಲ್ಲಿ ಕೂಡಿಟ್ಟು
ಬೇಕಾದಾಗ ದೀಪ ಎತ್ತಿಸುತ್ತಾರೆ.
ಏನೂ ಇಲ್ಲದ್ದು ಎತ್ತುವ ಭಾರ.
ಏನೂ ಇಲ್ಲದಲ್ಲಿಗೆ ಏನಾದರೂ ನುಗ್ಗಿತೋ,
ಕಣ್ಣು ಬಿತ್ತು.

ಮೊದಲ ದಿನ ರಬ್ಬರು ಕೊಳವೆ. ಬಗ್ಗಿಸಿದರೆ
ಒಣಗಿದ ಹುಣಸೆ ಸಿಪ್ಪೆಯಂತೆ ಚಟ್ಟೆಂದಿತು.
ಎರಡನೇ ದಿನ ಬಲಗಡೆಯ ಡಬ್ಬಿಯೊಳಗಿನ ಪೊರೆ,
ಕೂದಲೆಳೆಯ ಬಿರುಕು. ಅದನ್ನೂ ಬದಲಿಸಿದಳು.
ಎರಡೂ ಕಣ್ಣು ಎದ್ದವು. ಆಬ್ರಿ ಚಪ್ಪಾಳೆಗೆ ಕೈ ಎತ್ತಿದ.
"ತಡಿ," ಅಂದಳು, ಗಡಿಯಾರ ನೋಡುತ್ತ.
ಏಳನೇ ನಿಮಿಷಕ್ಕೆ ಎರಡೂ ಒಟ್ಟಿಗೆ,
ಪುರಾಣ ಕೇಳುವವರ ಹಾಗೆ, ತೂಕಡಿಸಿದವು.

ಟೀ ಹೊತ್ತಿಗೆ ಆಬ್ರಿ ಬಾಯಿ ಬಿಟ್ಟ:
"ಎಪ್ಪತ್ತೆರಡು. ಏಕಲ್ಲಿನ ನೇರ ರಸ್ತೆ, ಎರಡೂ ಕಡೆ ಜೌಗು.
ಪಕ್ಕದಲ್ಲಿ ಮ್ಯೂರಿಯಲ್, ಮಡಿಲಲ್ಲಿ ಬಿಸಿ ಮೀನಿನ ಪೊಟ್ಟಣ.
ಲಾರಿಯೊಂದನ್ನು ಹಿಂದೆ ಹಾಕಲು ಕಾಲು ಒತ್ತಿದೆ.
ಒತ್ತಿದಷ್ಟೂ ದೀಪ ಇಳಿಯಿತು.
ಕತ್ತಲೆಗೆ ಹೆದರಿ ಇನ್ನೂ ಒತ್ತಿದೆ.
ಆಗ ಅವಳು, ಕಾರಿನ ಒಂದಕ್ಷರ ತಿಳಿಯದವಳು,
'ಕಾಲು ತೆಗಿ' ಅಂದಳು. ತೆಗೆದೆ.
ದೀಪ ಎದ್ದು ಬಂತು.
ಆಮೇಲೆ ಮೂರು ದಿನ ನಾವು ಮಾತಾಡಲಿಲ್ಲ."
ಯಾಕೆಂದು ಹೇಳಲಿಲ್ಲ. ಅದ್ದಿದ ಬಿಸ್ಕತ್ತು
ಕಪ್ಪಿನಲ್ಲೇ ಮುರಿದು ಮುಳುಗಿತು.

ಸೋಪಿನ ನೀರು ಇಲ್ಲಿ ನಡೆಯದು.
ಸೈಕಲ್ ಟ್ಯೂಬಿನ ತೂತು ಹೊರಗೆ ಉಗುಳುತ್ತದೆ,
ಇದು ಒಳಗೆ ನುಂಗುತ್ತದೆ, ಗುಳ್ಳೆ ಏಳಿಸದೆ.
ರೊವೀನಾ ಡ್ರಾಯರಿನ ತಳ ಕೆದಕಿದಳು.
ನಾಲ್ಕು ವರ್ಷದ ಹಿಂದೆ ಬಿಟ್ಟ ಸಿಗರೇಟು,
ಪ್ಯಾಕಿನಲ್ಲಿ ಉಳಿದದ್ದು ಒಂದು. ಹಚ್ಚಿದಳು. ಸೇದಲಿಲ್ಲ.
(ಹಚ್ಚಲು ಒಂದು ಎಳೆತ ಬೇಕೇ ಬೇಕು, ಅದು ಲೆಕ್ಕಕ್ಕಿಲ್ಲ.)
ಷೆಡ್ಡಿನ ಬಾಗಿಲು ಮುಚ್ಚಿ, ಫ್ಯಾನ್ ಹೀಟರು ಆರಿಸಿ,
ಕೈಪಂಪಿನಲ್ಲಿ ತೊಲೆಗೆ ಬಯಲು ತುಂಬಿ
ಹೊಗೆಯ ಎಳೆಯನ್ನು ಅದರುದ್ದಕ್ಕೂ ನಡೆಸಿದಳು,
ಮಗಳ ತಲೆಯಲ್ಲಿ ಹೇನು ಹುಡುಕುವ ತಾಳ್ಮೆಯಲ್ಲಿ.
ನೆಟ್ಟಗೆ. ನೆಟ್ಟಗೆ. ನೆಟ್ಟಗೆ.
ಬೆಸುಗೆಯ ಅಂಚಿನಲ್ಲಿ, ತುಕ್ಕಿನ ಹಕ್ಕಳೆಯ ಕೆಳಗೆ
ಹೊಗೆ ಸೊಂಟ ಬಳುಕಿಸಿ ಒಳಗೆ ಹೋಯಿತು.

"ಇಲ್ಲಿ," ಅಂದಳು. ಸಾಸಿವೆಯ ಅರ್ಧ.
ಐವತ್ತು ನವೆಂಬರಿನ ಗಾಳಿ ನುಸುಳಿದ್ದು ಇಲ್ಲೇ.
ಆಬ್ರಿ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ.
ಕಾಣಲಿಲ್ಲ. ಕಂಡಿತು ಅಂದ.

ಉಜ್ಜಿದಳು, ಕಬ್ಬಿಣ ಬೆಳ್ಳಗಾಗುವವರೆಗೆ;
ಒಂದು ತೊಟ್ಟು ಹಿತ್ತಾಳೆ ಕರಗಿಸಿಟ್ಟಳು.
ಸಂಜೆ ಕಣ್ಣೆರಡನ್ನೂ ಎಬ್ಬಿಸಿ, ಬಲ್ಬು ಹಚ್ಚದೆ,
ಇಂಜಿನ್ನು ನಿಲ್ಲಿಸಿ, ಬೀಗ ಜಡಿದು ಮನೆಗೆ ಹೋದಳು.

ಬೆಳಿಗ್ಗೆ ನೋಡಿದರೆ ಹಾಗೇ ತೆರೆದಿವೆ.
ಬಲಗಣ್ಣಿನ ಮೇಲೆ ಷೆಡ್ಡಿನ ಬೆಕ್ಕು ಕೂತು
ಕಾಲು ನೆಕ್ಕುತ್ತಿದೆ.

ಬಿಲ್ಲಿನಲ್ಲಿ ಬರೆದಳು: ಕೊಳವೆ, ಪೊರೆ, ಹಿತ್ತಾಳೆ,
ಸಿಗರೇಟು ಒಂದು.
ಆಬ್ರಿ ಪೈಸೆಯವರೆಗೆ ಎಣಿಸಿ ಕೊಟ್ಟ,
ಹಾಡಹಗಲಲ್ಲಿ ದೀಪ ಎತ್ತಿಕೊಂಡೇ ಏಕಲ್ ಕಡೆ ತಿರುಗಿದ.
ಅವಳು ಬಾಗಿಲಿಗೆ ಬಂದು ನಿಂತಳು, ಇಳಿಯುತ್ತವೋ ಏನೋ ಎಂದು.
ಹಿಂದಿನಿಂದ ಏನು ಕಾಣುತ್ತದೆ.
ತಿರುವಿನಾಚೆ ಸದ್ದು ಮಾತ್ರ ಕೇಳಿತು:
ಮುದುಕ ಕಾಲು ಒತ್ತಿದ್ದಾನೆ,
ಇನ್ನೂ ಒತ್ತಿದ್ದಾನೆ,
ತೆಗೆಯುತ್ತಿಲ್ಲ.